ಮಡಿಯಲ್ಲಿ ಬೆಂದ ಕೇಕ್

"ಅಲ್ಲೇ ನಿಂದರು. ಒಳಗ ಬರಬ್ಯಾಡ."

ಹೋದ ಭಾನುವಾರ ಬೆಳಿಗ್ಗೆ ಬಬಲೇಶ್ವರದಲ್ಲಿ, ನನ್ನ ಸೋದರತ್ತೆಯ ಅಡುಗೆಮನೆಯ ಹೊಸ್ತಿಲಲ್ಲಿ ನನಗೆ ಸಿಕ್ಕ ಸ್ವಾಗತ ಇದು. ಒಂದು ಕೈಯಲ್ಲಿ ಕೇಕ್ ಬೇಯಿಸುವ ಖಾಲಿ ಡಬ್ಬಿ, ಇನ್ನೊಂದು ಕೈಯಲ್ಲಿ ತಿಕೋಟಾದಿಂದ ತಂದ ಒಣದ್ರಾಕ್ಷಿಯ ಪೊಟ್ಟಣ. ಎತ್ತಿದ ಬಲಗಾಲನ್ನು ಎಲ್ಲಿ ಇಡಬೇಕೋ ತಿಳಿಯಲಿಲ್ಲ.

"ಯಾಕ ಅತ್ತಿ?"

"ಅಂಗಿ ನೋಡ್ಕೋ."

ನೋಡಿಕೊಂಡೆ. ತಿಕೋಟಾದಲ್ಲಿ ಚಹಾದ ಜೊತೆ ಎರಡು ಬಿಸ್ಕೀಟು ತಿಂದಿದ್ದೆ. ಅದರ ಪುಡಿ ಜೇಬಿನ ಅಂಚಿನಲ್ಲಿ ಇನ್ನೂ ಕೂತಿತ್ತು. ಎಪ್ಪತ್ತೆರಡು ವರ್ಷದ ಕಣ್ಣಿಗೆ ಅಷ್ಟು ದೂರದಿಂದ ಅದು ಹೇಗೆ ಕಂಡಿತೋ. (ನನಗೆ ಮಕ್ಕಳ ಉತ್ತರ ಪತ್ರಿಕೆ ನೋಡಲೂ ಕನ್ನಡಕ ಬೇಕು.) ಝಾಡಿಸಲು ಕೈ ಎತ್ತಿದೆ.

"ಝಾಡಸಬ್ಯಾಡಪಾ, ಇಲ್ಲೇ ಹಾರತೈತಿ. ಹುಡುಗಿ ಉಣ್ಣೂ ಜಾಗಾ ಇದು. ಬಾಗಲದಾಗ ನಿಂತು ಬಾಯಿಲೇ ಹೇಳು. ನಾವು ಮಾಡತೇವಿ."

ಎಂಟು ತಿಂಗಳು ಹೆಣಗಾಡಿ ಕೇಕ್ ಮಾಡುವುದನ್ನು ಕಲಿತವನು ನಾನು. ಆ ಕೇಕ್ ನಿಜವಾಗಿ ಬೇಕಾಗಿದ್ದ ದಿನವೇ ನನ್ನನ್ನು ಹೊರಗೆ ನಿಲ್ಲಿಸಿದರು. ಸಿಟ್ಟು ಬಂತೇ? ಇಲ್ಲ. ನಿಜ ಹೇಳಬೇಕೆಂದರೆ, ಖುಷಿಯೇ ಆಯಿತು. ಯಾಕೆ ಎಂದು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ನನ್ನ ಮಗಳು ಭೂಮಿಗೆ ಈಗ ಹತ್ತು ತುಂಬಿದೆ. ಎರಡು ವರ್ಷದ ಹಿಂದೆ ಅವಳಿಗೆ ಗೋಧಿ ಆಗಿಬರುವುದಿಲ್ಲ ಎಂದು ಗೊತ್ತಾಯಿತು. ಅದಕ್ಕೂ ಮೊದಲು ಒಂದೂವರೆ ವರ್ಷ ಹೊಟ್ಟೆನೋವು, ವಾಂತಿ, ತೂಕ ಏರದಿರುವುದು. ಜಂತುಹುಳುವಿನ ಔಷಧ ಆಯಿತು, ದೃಷ್ಟಿ ತೆಗೆಯುವುದು ಆಯಿತು, ಕೊನೆಗೆ ರಕ್ತ ಪರೀಕ್ಷೆ ಆಯಿತು. ಡಾಕ್ಟರು ಗ್ಲುಟೆನ್ ಅಂದರು. ಅದು ಗೋಧಿಯೊಳಗಿನ ಅಂಟು. ಚಪಾತಿ ಹಿಟ್ಟು ಎಳೆದರೆ ಹರಿಯದೆ ಬರುತ್ತದಲ್ಲ, ಅದೇ. ಆ ಅಂಟು ಒಂದು ಚಿಟಿಕೆ ಹೊಟ್ಟೆಗೆ ಹೋದರೂ ಭೂಮಿಯ ಕರುಳು ಮುನಿಸಿಕೊಳ್ಳುತ್ತದೆ.

"ಔಷಧಿ ಏನ್ರೀ ಡಾಕ್ಟರ?" ಎಂದು ಕೇಳಿದೆ.

"ತಿನ್ನದ ಇರೂದ ಔಷಧಿ" ಅಂದರು.

ನಾವು ಮೊದಲಿಗೆ ಅಷ್ಟು ಹೆದರಲಿಲ್ಲ. ನಮ್ಮದು ಜೋಳದ ಸೀಮೆ. ಎರಡು ಹೊತ್ತು ರೊಟ್ಟಿ ಉಣ್ಣುವ ವಿಜಯಪುರದಲ್ಲಿ ಗೋಧಿ ಬಿಟ್ಟರೆ ಏನು ಮಹಾ? ಹೀಗೆ ಅಂದುಕೊಂಡ ವಾರದಲ್ಲೇ ಒಂದು ಸಂಗತಿ ತಲೆಗೆ ಹೋಯಿತು. ನಮ್ಮ ಊಟ ಜೋಳದ್ದು, ಆದರೆ ನಮ್ಮ ಸಂತೋಷವೆಲ್ಲ ಗೋಧಿಯದು. ಹೋಳಿಗೆಯ ಕಣಕ ಗೋಧಿ. ಮಾದಲಿ ಗೋಧಿ. ಕರ್ಚಿಕಾಯಿ, ಸಜ್ಜಕ, ಶಂಕರಪೋಳಿ, ಎಲ್ಲವೂ ಅದೇ. ಮದುವೆ ಊಟಕ್ಕೆ ಕೂತರೆ ಅವಳ ಎಲೆಯಲ್ಲಿ ಅನ್ನ ಒಂದೇ. ಸಾಲಿನಲ್ಲಿ ಕೂತ ಹೆಂಗಸರೆಲ್ಲ ಬಗ್ಗಿ ನೋಡಿ "ಪಾಪ" ಎನ್ನುವರು. ಒಬ್ಬರಂತೂ "ಒಂದ ತುಣಕ ತಿಂದ್ರ ಏನ ಆಗಂಗಿಲ್ಲ ತಗೋ ಯವ್ವಾ" ಎಂದು ಹೋಳಿಗೆಯನ್ನು ಹಾಕಿಯೇ ಬಿಟ್ಟರು. ಪ್ರೀತಿಯಿಂದಲೇ ಹಾಕಿದ್ದು. ಪ್ರೀತಿಯಿಂದ ಹಾಕಿದ್ದನ್ನು ಎಲೆಯಿಂದ ಎತ್ತಿ ಹೊರಗಿಡುವುದು ಎಷ್ಟು ಕಷ್ಟ ಎಂಬುದು ನನಗೆ ಅವತ್ತು ಗೊತ್ತಾಯಿತು.

ಹೋದ ವರ್ಷದ ಹುಟ್ಟುಹಬ್ಬಕ್ಕೆ ನಾನೊಂದು ಜಾಣತನ ಮಾಡಿದೆ. ಬೇಕರಿಯಿಂದ ದೊಡ್ಡ ಕೇಕ್ ತಂದೆ. ಭೂಮಿ ಕತ್ತರಿಸುವುದು, ಗೆಳತಿಯರು ತಿನ್ನುವುದು, ಅವಳಿಗೆ ಮಾತ್ರ ಬೇರೆ ತಟ್ಟೆಯಲ್ಲಿ ಪೇಡೆ. ಎಲ್ಲರೂ ಚಪ್ಪಾಳೆ ತಟ್ಟಿದರು, ಎಲ್ಲರೂ ತಿಂದರು. ಭೂಮಿ ಕೈ ತೊಳೆದುಕೊಂಡು ಬಂದು (ಕೇಕ್ ಕತ್ತರಿಸಿದ ಕೈ) ಪೇಡೆ ತಿಂದಳು. ಫೋಟೋದಲ್ಲಿ ನಗುತ್ತಿದ್ದಾಳೆ. ಮಾರನೇ ದಿನ ಬೆಳಿಗ್ಗೆ ಶೂ ಲೇಸ್ ಕಟ್ಟಿಕೊಳ್ಳುತ್ತ, ತಲೆ ಎತ್ತದೆ, "ಪಪ್ಪಾ, ಮುಂದಿನ ವರ್ಷ ಬರ್ತ್‌ಡೇ ಮಾಡೂದ ಬ್ಯಾಡ" ಅಂದಳು.

"ಯಾಕ ಬೇ?"

"ನನ್ನ ಕೇಕ್ ಅಂತಾರ. ನಂದ ಇರಂಗಿಲ್ಲ ಅದು."

ಒಂಬತ್ತು ವರ್ಷದ ಹುಡುಗಿಯ ಈ ಮಾತು ಕೇಳಿ, ಇಪ್ಪತ್ತು ವರ್ಷದಿಂದ ಕಾಮರ್ಸ್ ಪಾಠ ಹೇಳುವ ನಾನು ಅವಳ ಪಕ್ಕ ನೆಲದ ಮೇಲೆ ಕೂತೆ. ಹಾಗಾದರೆ ನಿನಗೆ ಏನು ಬೇಕು ಎಂದು ಕೇಳಿದೆ. ಅವಳ ಬೇಡಿಕೆ ಸಿದ್ಧವಾಗಿತ್ತು. "ಎಲ್ಲಾರೂ ಒಂದ ಕೇಕ್ ತಿನ್ನಬೇಕ. ಮತ್ತ ಯಾರೂ ಮಾರಿ ಕಿವುಚಬಾರದ."

ಎರಡೇ ಷರತ್ತು. ಕೇಳಲು ಸುಲಭ. ಮಾಡಲು?

ನಾನು ಓವನ್ ತಂದೆ. ಗ್ಲುಟೆನ್ ಇಲ್ಲದ ಕೇಕಿನ ಪುಡಿಯ ಪ್ಯಾಕೆಟ್ ತರಿಸಿದೆ. ಮಾಡಿ ತಿಂದರೆ ಥೇಟ್ ಚಾಕ್‌ಪೀಸ್. (ಕಾಲೇಜಿನಲ್ಲಿ ದಿನವೂ ಅದರ ಪುಡಿ ಕುಡಿಯುವವನು, ರುಚಿ ಗೊತ್ತು.) ಆಮೇಲೆ ಜೋಳದ ಹಿಟ್ಟಿಗೆ ಇಳಿದೆ. ಮೊದಲ ಕೇಕ್ ಡಬ್ಬಿಯಿಂದ ಹೊರಗೆ ಬರುವಾಗಲೇ ಪುಡಿಪುಡಿ ಆಯಿತು. ನನ್ನ ಹೆಂಡತಿ ಸುಜಾತಾ ಅದನ್ನು ಬಟ್ಟಲಿಗೆ ಬಳಿದುಕೊಂಡು, "ಹಾಲ ಹಾಕ್ಕೊಂಡ ತಿಂದ್ರ ನಡೀತೈತಿ" ಎಂದು ತಿಂದಳು. ಎರಡನೆಯದು ಪುಡಿ ಆಗಲಿಲ್ಲ. ಚಾಕುವೇ ಇಳಿಯಲಿಲ್ಲ. ಮೂರನೆಯದನ್ನು ಭೂಮಿ ತಿಂದು "ಛಲೋ ಐತಿ ಪಪ್ಪಾ" ಅಂದಳು, ಗೋಡೆ ನೋಡುತ್ತ. ಮಕ್ಕಳು ನಮ್ಮ ಮನಸ್ಸು ನೋಯಿಸಬಾರದೆಂದು ಸುಳ್ಳು ಹೇಳಲು ಶುರು ಮಾಡಿದರೆ ಅದಕ್ಕಿಂತ ಬೇಸರದ ರುಚಿ ಇನ್ನೊಂದಿಲ್ಲ.

ನಾಲ್ಕನೆಯದು ಹದಗೆಟ್ಟ ದಿನ ಸುಜಾತಾ ರೊಟ್ಟಿ ಬಡಿಯುತ್ತಿದ್ದಳು. ಬಡಿಯುತ್ತಲೇ ಕೇಳಿದಳು.

"ಹಿಟ್ಟಿಗೆ ಎಸರ ಹಾಕೀರೇನು?"

"ಕೇಕಿಗೆ ಯಾರ ಎಸರ ಹಾಕ್ತಾರ?"

"ಎಸರ ಹಾಕದ ಜ್ವಾಳದ ಹಿಟ್ಟ ಹೆಂಗ ಜಿಗಿ ಬರತೈತಿ? ನೀವು ತಣ್ಣೀರಾಗ ಕಲಿಸಿ, ಒಡೀತು ಒಡೀತು ಅಂತೀರಿ."

ಹದಿನೈದು ವರ್ಷ ನನ್ನ ಕಣ್ಣೆದುರೇ ನಡೆದ ಕೆಲಸ. ಕುದಿಯುವ ನೀರನ್ನು ಹಿಟ್ಟಿನ ನಡುವೆ ಹೊಯ್ದು, ಸ್ವಲ್ಪ ಬೇಯಿಸಿ, ನಾದುವುದು. ಹಾಗೆ ಮಾಡಿದರೆ ಅಂಟೇ ಇಲ್ಲದ ಹಿಟ್ಟು ಕೈಗೆ ಅಂಟುತ್ತದೆ, ತಿರುಗಿಸಿ ಬಡಿದರೂ ರೊಟ್ಟಿ ಹರಿಯುವುದಿಲ್ಲ. ನಾನು ಯಾವ ಯಾವ ದೇಶದವರ ವಿಡಿಯೋ ನೋಡುತ್ತ ಕೂತಿದ್ದೆನೋ, ಉತ್ತರ ನನ್ನ ಬೆನ್ನ ಹಿಂದೆ ಟಪಟಪ ಸದ್ದು ಮಾಡುತ್ತಿತ್ತು. ಮೂರರಲ್ಲಿ ಒಂದು ಪಾಲು ಹಿಟ್ಟಿಗೆ ಎಸರು ಹಾಕಿದೆ. ಮೊಟ್ಟೆಯ ಬದಲು ಅಗಸೆ ಬೀಜದ ಪುಡಿಯನ್ನು ನೆನೆಹಾಕಿದೆ, ಅದು ಲೋಳೆಯಾಗಿ ಹಿಟ್ಟನ್ನು ಹಿಡಿದುಕೊಳ್ಳುತ್ತದೆ. ಬಿಜ್ಜರಗಿಯಲ್ಲಿ ದ್ರಾಕ್ಷಿ ತೋಟ ಇರುವ ಗೆಳೆಯನೊಬ್ಬ ಕೊಟ್ಟ ಒಣದ್ರಾಕ್ಷಿಯನ್ನು ಬಿಸಿನೀರಲ್ಲಿ ನೆನೆಸಿ ರುಬ್ಬಿ ಹಾಕಿದೆ. ಬೆಲ್ಲ, ತುಪ್ಪ, ಹುಳಿ ಮೊಸರು, ಚಿಟಿಕೆ ಸೋಡಾ, ಒಂದು ಹಿಡಿ ಹುರಿದ ಶೇಂಗಾದ ತರಿ.

ಆರನೇ ಕೇಕ್ ಉಬ್ಬಿತು. ಹರಿಯಲಿಲ್ಲ, ಕಲ್ಲಾಗಲಿಲ್ಲ. ಒಳಗೆ ಕಂದು ಬಣ್ಣ, ಮೆತ್ತಗೆ, ಒದ್ದೆ. ಭೂಮಿ ಒಂದು ತುಂಡು ತಿಂದಳು. ಇನ್ನೊಂದು ತುಂಡನ್ನು ತಾನೇ ಕತ್ತರಿಸಿಕೊಂಡಳು. ನನಗೆ ಅಷ್ಟು ಸಾಕಾಗಿತ್ತು. ಮಾರನೇ ದಿನ ಸ್ಟಾಫ್ ರೂಮಿನಲ್ಲಿ ನಾನು ಮಾಡಿಕೊಂಡ ಜಂಬ ಇವತ್ತು ನೆನೆದರೆ ನಾಚಿಕೆಯಾಗುತ್ತದೆ.

ಏಕೆಂದರೆ ಅದೇ ಮಧ್ಯಾಹ್ನ ಸುಜಾತಾ ಫೋನ್ ಮಾಡಿದಳು. ಶಾಲೆಯಿಂದ ಕರೆ ಬಂದಿತ್ತಂತೆ. ಭೂಮಿಗೆ ಹೊಟ್ಟೆನೋವು, ಎರಡು ಸಲ ವಾಂತಿ. ಮೂರು ದಿನ ಅವಳು ಮೊಣಕಾಲು ಎದೆಗೆ ಹಚ್ಚಿಕೊಂಡು ಮಲಗಿದಳು. ನನ್ನ ಕೈಯಾರೆ ಮಾಡಿ, ನನ್ನ ಕೈಯಾರೆ ತಿನ್ನಿಸಿದ್ದೆ. ಇನ್ನೇನು ಹೇಳಲಿ? ಅಡುಗೆಮನೆಯ ಪ್ರತಿ ಡಬ್ಬಿ ತೆಗೆದು ವಾಸನೆ ನೋಡಿದೆ. ಎಲ್ಲ ಸರಿಯಾಗಿಯೇ ಇತ್ತು.

ಡಾಕ್ಟರು ಒಂದೇ ಪ್ರಶ್ನೆ ಕೇಳಿದರು. "ಹಿಟ್ಟ ಎಲ್ಲಿ ಬೀಸಿಸೀರಿ?"

ನಮ್ಮ ಓಣಿಯ ಗಿರಣಿ. ಅಲ್ಲಿ ಜೋಳಕ್ಕೆ ಒಂದು, ಗೋಧಿಗೆ ಒಂದು, ಎರಡು ಯಂತ್ರ. ಗಿರಣಿಯ ಮಹಾದೇವಪ್ಪ ಪಾಪದ ಮನುಷ್ಯ, ಒಂದು ಹಿಡಿ ಹಿಟ್ಟೂ ಯಾರದು ಯಾರಿಗೂ ಹೋಗಬಾರದು ಎನ್ನುವವನು. ಹೋಗಿ ಕೇಳಿದೆ. ಅವನು ಸಂತೋಷದಿಂದಲೇ ಹೇಳಿದ.

"ಸರ, ನೀವು ಕೇಕಿಗೆ ಮೈದಾದಂಗ ಸಣ್ಣಗ ಬೇಕಂದಿದ್ರಿ ನೋಡ್ರಿ. ಜ್ವಾಳದ ಕಲ್ಲಿನ್ಯಾಗ ಅಷ್ಟ ಸಣ್ಣ ಬರಂಗಿಲ್ಲ. ಅದಕ್ಕ ಗೋದಿ ಗಿರಣ್ಯಾಗ ಹಾಕಿ ಕೊಟ್ಟೇನಿ. ನಿಮ್ಮ ಸಲುವಾಗಿ ಅಂತನ ಮಾಡೇನ್ರಿ."

ನೆನಪಾಯಿತು. ಅವತ್ತು ನಾನು ಅಲ್ಲೇ ನಿಂತಿದ್ದೆ. ಬೀಸುವುದು ಮುಗಿದ ಮೇಲೆ ಗಿರಣಿಯ ಬಾಯಿಗೆ ಕಟ್ಟಿದ ಬಟ್ಟೆಯ ತೋಳನ್ನು ಅವನು ಕೋಲಿನಿಂದ ಬಡಿದು ಬಡಿದು, ಉಳಿದ ಹಿಟ್ಟನ್ನೆಲ್ಲ ನನ್ನ ಡಬ್ಬಿಗೆ ಉದುರಿಸಿದ್ದ. "ನಿಮ್ಮ ಹಿಟ್ಟ ನಿಮಗ ಬರಬೇಕಲ್ರೀ" ಎಂದಿದ್ದ. ಆ ತೋಳಿನಲ್ಲಿ ಬೆಳಗಿನಿಂದ ಬೀಸಿದ ಎಷ್ಟು ಮನೆಯ ಗೋಧಿ ಇತ್ತೋ. ನಾನು ಥ್ಯಾಂಕ್ಸ್ ಹೇಳಿ ಬಂದಿದ್ದೆ.

ಅವನನ್ನು ಬೈಯಲೇ? ಯಾವ ಬಾಯಿಂದ? ಸಣ್ಣಗೆ ಬೇಕೆಂದವನು ನಾನು. ಸುತ್ತ ನೋಡಿದೆ. ಗಾಳಿಯಲ್ಲಿ ಹಿಟ್ಟು, ಗೋಡೆಯ ಮೇಲೆ ಹಿಟ್ಟು, ಮಹಾದೇವಪ್ಪನ ರೆಪ್ಪೆಗೂದಲ ಮೇಲೂ ಹಿಟ್ಟು. ಎರಡು ಯಂತ್ರದ ನಡುವೆ ಎರಡು ಮಾರು ಜಾಗವಿಲ್ಲ. ರೊಟ್ಟಿ ಒಂದನ್ನೇ ತಿಂದ ದಿನವೂ ಭೂಮಿಗೆ ಒಮ್ಮೊಮ್ಮೆ ಯಾಕೆ ಹೊಟ್ಟೆ ಹಿಡಿಯುತ್ತಿತ್ತು ಎಂಬುದಕ್ಕೂ ಅಲ್ಲೇ ಉತ್ತರ ಸಿಕ್ಕಿತು. ಇಡೀ ವಿಷಯ ಹೇಳಿದಾಗ ಮಹಾದೇವಪ್ಪ ತಲೆ ಮೇಲೆ ಕೈ ಇಟ್ಟುಕೊಂಡು ಕೂತ. ಆಮೇಲೆ ಅವನೇ ಹೇಳಿದ.

"ಇದು ಉಪವಾಸದ ಹಿಟ್ಟಿನಂಗ ಆತಲ್ರೀ ಸರ. ಏಕಾದಶಿ ಕಟ್ಟಾಗಿ ಮಾಡೋರು ನಮ್ಮ ಕಡೆ ತರಂಗಿಲ್ಲ. ಬ್ಯಾರೆ ಹಿಟ್ಟ ತಾಗತೈತಿ ಅಂತ ಮನ್ಯಾಗ ಬೀಸ್ಕೊಂತಾರ. ಅಂಥಾವರು ಯಾರರ ಅದಾರೇನ ನೋಡ್ರಿ ನಿಮ್ಮ ಪೈಕಿ."

ಇದ್ದರು. ಸಮಸ್ಯೆ ಅದೇ.

ಬಬಲೇಶ್ವರದ ಗಂಗಾಬಾಯಿ ಅತ್ತೆ, ನನ್ನ ಅಪ್ಪನ ಅಕ್ಕ, ಮಗ ಸೊಸೆಯ ಜೊತೆ ಇರುತ್ತಾರೆ. ಅವರ ಮಡಿಯ ಬಗ್ಗೆ ಈ ಅಂಕಣದ ಹಳೆಯ ಓದುಗರಿಗೆ ಗೊತ್ತು. ಯಾಕೆಂದರೆ ಎರಡು ವರ್ಷದ ಹಿಂದೆ ಇದೇ ಜಾಗದಲ್ಲಿ ನಾನು ಅದರ ಬಗ್ಗೆ ಬರೆದಿದ್ದೆ. ಅವರ ಬೇರೆ ಪಾತ್ರೆ, ನೀರು ಸೇದಲು ಬೇರೆ ಹಗ್ಗ, ಬೇರೆ ಚೆಂಬು. ಮದುವೆಗೆ ಹೋದರೂ ತಮ್ಮದೇ ಬುತ್ತಿ ಕಟ್ಟಿಕೊಂಡು ಹೋಗುವುದು. ಉಪವಾಸದ ಹಿಟ್ಟಿಗೆಂದು ಮಗನಿಂದ ಹಟ ಹಿಡಿದು ತರಿಸಿಕೊಂಡ, ಫ್ರಿಜ್‌ಗಿಂತ ಚಿಕ್ಕದಾದ ಮನೆ ಗಿರಣಿ. ಎಲ್ಲವನ್ನೂ ಗೇಲಿ ಮಾಡಿ ಬರೆದಿದ್ದೆ. ಜನ ನಕ್ಕಿದ್ದರು. ಗೇಲಿ ಅಲ್ಲದ ಒಂದು ಮಾತನ್ನೂ ಬರೆದಿದ್ದೆ. ಅವರ ಮನೆಯಲ್ಲಿ ಮೂವತ್ತು ವರ್ಷದಿಂದ ಪಾತ್ರೆ ತೊಳೆಯುವ ಯಮುನವ್ವ ಹಿತ್ತಿಲ ಬಾಗಿಲಿನಿಂದ ಒಳಗೆ ಬಂದವಳಲ್ಲ, ಅವಳ ಚಹಾದ ಬಟ್ಟಲು ಕಟ್ಟೆಯ ಮೇಲೆ ಬೇರೆ ಇರುತ್ತದೆ ಎಂದು. ಅದನ್ನು ಈಗಲೂ ವಾಪಸ್ ತೆಗೆದುಕೊಳ್ಳುವುದಿಲ್ಲ.

ಅತ್ತೆಯ ಮೊಮ್ಮಗ ಅದನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳಿದನಂತೆ. ಅಲ್ಲಿಂದ ಮುಂದೆ ಅತ್ತೆ ನನ್ನ ಜೊತೆ ಮಾತು ಬಿಟ್ಟರು. ಈಗ ಅವರದೇ ಬಾಗಿಲಿಗೆ ಹೋಗಬೇಕು. ಮಗಳನ್ನು ಮುಂದೆ ಬಿಟ್ಟುಕೊಂಡು ಹೋದೆ. (ಅಂಕಣಕಾರರು ಧೈರ್ಯವಂತರೆಂದು ಯಾರು ಹೇಳಿದರು?)

ಅತ್ತೆ ಜಗುಲಿಯ ಮೇಲೆ ಕೂತು ವರಿ ಅಕ್ಕಿ ಹಸನು ಮಾಡುತ್ತಿದ್ದರು. ಉಪವಾಸದ ದಿನ ಅನ್ನದ ಬದಲು ಬೇಯಿಸುವ ಸಣ್ಣ ಕಾಳು ಅದು. ನಾನು ಬಂದದ್ದು ಗೊತ್ತಾದರೂ ತಲೆ ಎತ್ತಲಿಲ್ಲ.

"ಬರ್ಕೊಳ್ಳಾಕ ಬಂದೀಯೇನು?"

"ಇಲ್ಲ ಅತ್ತಿ. ಕೇಳ್ಕೊಳ್ಳಾಕ ಬಂದೇನಿ."

ಹೇಳಿದೆ. ಗೋಧಿ, ಗಿರಣಿ, ಮೂರು ದಿನದ ಹೊಟ್ಟೆನೋವು, ಎರಡು ಷರತ್ತು. ಅತ್ತೆ ಮೊರವನ್ನು ಪಕ್ಕಕ್ಕಿಟ್ಟರು. ಭೂಮಿಯನ್ನು ಹತ್ತಿರ ಕೂಡಿಸಿಕೊಂಡು ಅವಳನ್ನೇ ಕೇಳಿದರು.

"ಎಷ್ಟ ತಾಗಿದ್ರ ಆಗಂಗಿಲ್ಲಬೇ ನಿನಗ?"

"ಒಂದ ಚೂರ ತಾಗಿದ್ರೂ ಆಗಂಗಿಲ್ಲ ಆಯಿ."

"ಚಮಚಾ?"

"ಬ್ಯಾರೆ ಬೇಕ."

"ಒರಸೂ ಅರಿವಿ?"

ಭೂಮಿ ನನ್ನ ಮುಖ ನೋಡಿದಳು. ಒರೆಸುವ ಬಟ್ಟೆ! ಎರಡು ವರ್ಷದಲ್ಲಿ ಅದು ನಮ್ಮ ತಲೆಗೆ ಹೊಳೆದೇ ಇರಲಿಲ್ಲ. ಚಪಾತಿಯ ಮಣೆ ಒರೆಸಿದ ಬಟ್ಟೆಯಿಂದಲೇ ಅವಳ ತಟ್ಟೆಯನ್ನೂ ಒರೆಸುತ್ತಿದ್ದೆವು.

"ಅದೂ ಬ್ಯಾರೆ ಬೇಕ" ಎಂದು ಅತ್ತೆಯೇ ಹೇಳಿದರು. "ಎಣ್ಣೀ ಬಾಣಲಿ ಬ್ಯಾರೆ. ಉಪ್ಪಿನ ಡಬ್ಬ್ಯಾಗ ಹಿಟ್ಟಿನ ಕೈ ಹಾಕಬಾರದು. ಹೆಂಚ ಬ್ಯಾರೆ. ಮದಲ ನಿಂದ ಆಗಬೇಕು, ಆಮ್ಯಾಲೆ ಉಳದಾವರದು. ಇಷ್ಟ ಹೌದಿಲ್ಲೋ? ಇದನ್ನ ನಾ ಐವತ್ತ ವರ್ಷದಿಂದ ಮಾಡಾಕತ್ತೇನಿ."

ಡಾಕ್ಟರು ಕಾಗದದ ಮೇಲೆ ಚಿತ್ರ ಬರೆದು, ನಮಗೆ ತಿಳಿಸಲು ಆರು ತಿಂಗಳು ತೆಗೆದುಕೊಂಡ ವಿಷಯ. ಅತ್ತೆಗೆ ಐದು ನಿಮಿಷ ಹಿಡಿಯಿತು. ನಾನು ನಕ್ಕಿದ್ದೆನಲ್ಲ, ಅದೇ ಕಟ್ಟುನಿಟ್ಟು, ಅದೇ ಅನುಮಾನದ ಕಣ್ಣು. ನನ್ನ ಮಗಳ ಕರುಳಿಗೆ ಬೇಕಾಗಿದ್ದುದು ಅದೇ ಆಗಿತ್ತು.

ಆದರೆ ಅತ್ತೆಯ ಗಿರಣಿಯಲ್ಲಿ ಜೋಳ ಹಾಕುವಂತಿಲ್ಲ. ಅದು ಉಪವಾಸದ ಗಿರಣಿ. ವರಿ ಅಕ್ಕಿ, ರಾಜಗಿರಿ ಬೀಜ, ಸಾಬೂದಾನಿ, ಅಷ್ಟೇ. ನನ್ನ ಆರು ಕೇಕಿನ ವಿದ್ಯೆ ನೀರಿಗೆ ಬಿತ್ತು. ಅತ್ತೆ ತೊಳೆದು, ಮಾಳಿಗೆಯ ಮೇಲೆ ಒಣಗಿಸಿ, ಬೀಸಿ ಕೊಟ್ಟ ವರಿ ಮತ್ತು ರಾಜಗಿರಿಯ ಹಿಟ್ಟು ತಂದು ಮತ್ತೆ ಮೊದಲಿನಿಂದ ಶುರು ಮಾಡಿದೆ. ಓವನ್ ತೊಳೆದೆ, ಡಬ್ಬಿ ಹೊಸದು ತಂದೆ, ಒರೆಸುವ ಬಟ್ಟೆಗೆ ಹಸಿರು ದಾರದ ಗುರುತು ಹಾಕಿದೆ. ಎಸರು ಇಲ್ಲಿಯೂ ಕೈಹಿಡಿಯಿತು. ವರಿ ಹಿಟ್ಟು ಜೋಳಕ್ಕಿಂತ ಚೆನ್ನಾಗಿ ಅರಳಿತು. ರಾಜಗಿರಿಗೆ ಸ್ವಲ್ಪ ಮಣ್ಣಿನ ವಾಸನೆ, ಅದನ್ನು ದ್ರಾಕ್ಷಿ ಮತ್ತು ಏಲಕ್ಕಿ ನುಂಗಿಹಾಕಿದವು. ಮೂರನೇ ಪ್ರಯತ್ನಕ್ಕೆ ಜೋಳದ ಕೇಕಿಗಿಂತ ಒಳ್ಳೆಯದು ಬಂತು. ಭೂಮಿ ತಿಂದಳು. ಒಂದು ದಿನ ಕಾದೆವು. ಎರಡು ದಿನ ಕಾದೆವು. ಮೂರನೇ ದಿನ ಬೆಳಿಗ್ಗೆ ಅವಳು "ಇನ್ನೂ ಐತೇನ ಪಪ್ಪಾ ಅದು?" ಎಂದು ಕೇಳಿದಳು.

ಹುಟ್ಟುಹಬ್ಬಕ್ಕೆ ಕರೆಯಲು ಭೂಮಿಯೇ ಅತ್ತೆಗೆ ಫೋನ್ ಮಾಡಿದಳು.

"ನಾ ಹೊರಗ ತಿನ್ನಂಗಿಲ್ಲವಾ, ನಿನಗ ಗೊತ್ತೈತೆಲ್ಲ" ಅಂದರು ಅತ್ತೆ.

"ಎಲ್ಲಾರೂ ಅಂದ್ರ ನೀನೂ ಆಯಿ. ಹಂಗಾದ್ರ ನಾವ ಅಲ್ಲೇ ಬರತೇವಿ. ನಿನ್ನ ಒಲಿ ಮ್ಯಾಲೆ ಮಾಡೂಣು."

ಹಾಗಾಗಿ ಹೋದ ಭಾನುವಾರ ಸುಜಾತಾ, ಭೂಮಿ ಮತ್ತು ಅವಳ ಐದು ಜನ ಗೆಳತಿಯರು ಒಂದು ಗಾಡಿಯಲ್ಲಿ ನೇರವಾಗಿ ಬಬಲೇಶ್ವರಕ್ಕೆ ಹೋದರು. ನಾನು ಬೈಕ್ ಮೇಲೆ ತಿಕೋಟಾಕ್ಕೆ ಹೋಗಿ, ಅಲ್ಲಿಗೆ ಬಂದಿದ್ದ ಬಿಜ್ಜರಗಿಯ ಗೆಳೆಯನಿಂದ ಒಣದ್ರಾಕ್ಷಿ ತೆಗೆದುಕೊಂಡು, ಆ ಹಾಳು ಚಹಾ ಕುಡಿದು, ಬಿಸ್ಕೀಟು ತಿಂದು, ಅತ್ತ ತಿರುಗಿದೆ. ಮುಂದಿನದು ನಿಮಗೆ ಗೊತ್ತು.

ಬಾಗಿಲಲ್ಲಿ ನಿಂತು ಕೇಕ್ ಮಾಡಿಸುವುದು ಹೇಗಿರುತ್ತದೆ? ಕ್ರಿಕೆಟ್ ಕಾಮೆಂಟರಿ ಹೇಳಿದ ಹಾಗೆ ಇರುತ್ತದೆ. ಆಡುವವರು ನಿಮ್ಮ ಮಾತು ಕೇಳುವುದಿಲ್ಲ. ನಾನು ಡಬ್ಬಿ ಮತ್ತು ಪೊಟ್ಟಣವನ್ನು ಹೊಸ್ತಿಲ ಮೇಲಿಟ್ಟೆ. ಸುಜಾತಾ ಅವನ್ನು ಒಯ್ದು, ಎರಡು ಸಲ ತೊಳೆದು ಒಳಗೆ ತೆಗೆದುಕೊಂಡಳು. "ಎಸರಿಗೆ ನೀರ ಕುದ್ದಾವೇನು?" ಎಂದೆ. "ಅದನ್ನ ನಮಗ ಹೇಳಾಕ ಬಂದ್ರೀ" ಎಂದಳು. ಅತ್ತೆ ಹಿಟ್ಟಿನ ನಡುವೆ ಕುಣಿ ಮಾಡಿ ಎಸರು ಹೊಯ್ದರು. ಭೂಮಿ ಸೌಟಿನಿಂದ ತಿರುವಿದಳು. ನನ್ನ ಓವನ್‌ಗೆ ಆ ಮನೆಯಲ್ಲಿ ಪ್ರವೇಶ ಇರಲಿಲ್ಲ. ದೊಡ್ಡ ಕುಕ್ಕರಿನ ತಳಕ್ಕೆ ಉಪ್ಪು ಹಾಸಿ, ಸೀಟಿ ತೆಗೆದು, ಅದರೊಳಗೆ ಡಬ್ಬಿ ಇಟ್ಟರು. ನಲವತ್ತು ನಿಮಿಷಕ್ಕೆ ಏಲಕ್ಕಿಯ ವಾಸನೆ ಅಂಗಳದವರೆಗೂ ಬಂತು. ಒಳಗೆ ಬರದಿದ್ದರೂ ಮೂಗಿಗೆ ಮಡಿ ಇಲ್ಲವಲ್ಲ.

ಆಮೇಲೆ ಮೇಣದಬತ್ತಿಯ ಪ್ರಶ್ನೆ ಎದ್ದಿತು. ಗೆಳತಿಯೊಬ್ಬಳು ಚೀಲದಿಂದ ತೆಗೆದು ಕೇಕಿನ ಮೇಲೆ ಚುಚ್ಚಲು ಹೋದಳು.

"ಅದನ್ನ ಏನ ಮಾಡ್ತೀರಿ?" ಎಂದರು ಅತ್ತೆ.

"ಊದಿ ಆರಸ್ತೇವ್ರಿ ಆಯಿ."

"ತಿನ್ನೂದರ ಮ್ಯಾಲೆ ಊದತೀರಿ? ಉಗುಳ ಬೀಳಂಗಿಲ್ಲೇನ್ರವಾ? ಊದಿದ್ದನ್ನ ಯಾರ ತಿಂತಾರ?"

ಐದೂ ಗೆಳತಿಯರು ಒಬ್ಬರ ಮುಖ ಒಬ್ಬರು ನೋಡಿದರು. ಇಷ್ಟು ವರ್ಷ ತಾವು ತಿಂದದ್ದು ಏನು ಎಂದು ಅವರಿಗೆ ಆಗಲೇ ಹೊಳೆದಿರಬೇಕು. (ನನಗೂ.) ಮೇಣದಬತ್ತಿ ಚೀಲಕ್ಕೆ ಹೋಯಿತು. ಅತ್ತೆ ದೀಪ ಹಚ್ಚಿ ಪಕ್ಕಕ್ಕಿಟ್ಟರು, ಭೂಮಿಗೆ ಕುಂಕುಮ ಹಚ್ಚಿ ಆರತಿ ಮಾಡಿದರು. ಹುಡುಗಿಯರು ಇಂಗ್ಲಿಷಿನಲ್ಲಿ ಹಾಡಿದರು. ಭೂಮಿ ಕೇಕ್ ಕತ್ತರಿಸಿದಳು.

ಮೊದಲ ತುಂಡನ್ನು ತಾನೇ ತಿಂದಳು. ಕತ್ತರಿಸಿದ ಕೈಯಿಂದಲೇ, ತೊಳೆದುಕೊಳ್ಳದೆ.

ನನ್ನ ಕಣ್ಣು ಗೆಳತಿಯರ ಮುಖದ ಮೇಲೆ. ಎರಡನೇ ಷರತ್ತು ನೆನಪಿದೆಯಲ್ಲ? ಕನ್ನಡಕದ ಹುಡುಗಿ ಒಂದು ತುಂಡು ಬಾಯಿಗಿಟ್ಟಳು, ಅಗಿದಳು, ಅಗಿಯುವುದನ್ನು ನಿಲ್ಲಿಸಿದಳು. "ಇದರಾಗ ಏನ ಹಾಕೀರಿ?" ಎಂದಳು. ಇನ್ನೊಂದು ತುಂಡಿಗೆ ತಟ್ಟೆ ಚಾಚಿದಳು. ಯಾರೂ ಮುಖ ಕಿವುಚಲಿಲ್ಲ. ಯಾರೂ "ಪಾಪ" ಅನ್ನಲಿಲ್ಲ. ಅತ್ತೆ ತಮ್ಮ ಪಾಲನ್ನು ಬೆಳ್ಳಿಯ ಬಟ್ಟಲಲ್ಲಿ ಹಾಕಿಕೊಂಡು, ಗೋಡೆಗೆ ಒರಗಿ, ಸಾವಕಾಶ ತಿಂದರು. ಎಪ್ಪತ್ತೆರಡು ವರ್ಷಕ್ಕೆ ಅವರು ತಿಂದ ಮೊದಲ ಕೇಕ್ ಅದು. "ಸಿಹಿ ಒಂದೀಟ ಕಡಿಮಿ ಇರಬೇಕಿತ್ತ" ಅಂದರು. ಬಟ್ಟಲು ಮಾತ್ರ ಖಾಲಿಯಾಗಿತ್ತು.

ತಿನ್ನುತ್ತ ಅವರು ಭೂಮಿಗೆ ಒಂದು ಮಾತು ಹೇಳಿಕೊಟ್ಟರು. ನಾನು ಬಾಗಿಲಲ್ಲಿದ್ದರೂ ಕಿವಿ ಒಳಗಿತ್ತು.

"ಯಾರರ ಕೊಟ್ರ ನನಗ ಆಗಂಗಿಲ್ಲ ಅಂತ ಸಣ್ಣ ಮಾರಿ ಮಾಡಬ್ಯಾಡ. ನಾ ತಿನ್ನಂಗಿಲ್ಲ ಅನ್ನು. ಲಗ್ನದಾಗ ನಾ ನನ್ನ ಬುತ್ತಿ ಬಿಚ್ಚಿದ್ರ ಯಾರರ ಪಾಪ ಅಂತಾರೇನು? ಸರದು ಜಾಗಾ ಕೊಡ್ತಾರ."

ಹೌದಲ್ಲ. ಇಬ್ಬರ ಕೈಯಲ್ಲೂ ಬುತ್ತಿ. ಒಬ್ಬಳಿಗೆ ಅಯ್ಯೋ ಪಾಪ, ಇನ್ನೊಬ್ಬರಿಗೆ ಗೌರವ. ನನ್ನ ಮಗಳಿಗೆ ಎರಡು ವರ್ಷದಿಂದ ನಾನು ಎಲ್ಲವನ್ನೂ ಕೊಡಲು ಒದ್ದಾಡಿದ್ದೆ, ಈ ಗತ್ತನ್ನು ಕೊಡಲು ನನಗೆ ತಿಳಿದಿರಲಿಲ್ಲ. ಎರಡು ವರ್ಷದ ಹಿಂದೆ ಬರೆದ ಅಂಕಣದಲ್ಲಿ ಮುಕ್ಕಾಲು ಭಾಗವನ್ನು ಮನಸ್ಸಿನಲ್ಲೇ ಹೊಡೆದುಹಾಕಿದೆ. ಉಳಿದ ಕಾಲು ಭಾಗ ಯಮುನವ್ವನ ರೂಪದಲ್ಲಿ ಹಿತ್ತಿಲ ಅಂಗಳದಲ್ಲಿ ಕೂತು ಕುಕ್ಕರ್ ತಿಕ್ಕುತ್ತಿತ್ತು.

ಅದನ್ನು ನೋಡಿದ್ದು ನಾನೊಬ್ಬನೇ ಅಲ್ಲ. ಭೂಮಿ ತಟ್ಟೆಯಲ್ಲಿ ಒಂದು ತುಂಡು ಹಾಕಿಕೊಂಡು ಹಿತ್ತಿಲ ಬಾಗಿಲ ಕಡೆ ಹೊರಟಿದ್ದಳು. ನಡುವೆ ನಿಂತು ಏನೋ ಯೋಚಿಸಿದಳು. ತಿರುಗಿ ಅತ್ತೆಯನ್ನು ನೋಡಿದಳು.

"ಆಯಿ, ಎಲ್ಲಾರೂ ಅಂದಿದ್ದೆ ನಾ."

"ಕೊಡು, ಯಾರ ಬ್ಯಾಡಂದಾರ?"

"ಹೊರಗಲ್ಲ ಆಯಿ. ಇಲ್ಲೇ, ನಮ್ಮ ಕೂಡ."

ಸುಜಾತಾ ಸೆರಗು ಸರಿ ಮಾಡಿಕೊಂಡಳು. ಯಮುನವ್ವನ ಕೈ ಕುಕ್ಕರ್ ಮೇಲೆ ಹಾಗೇ ಉಳಿಯಿತು. "ಬ್ಯಾಡ ಬಿಡ ಯವ್ವಾ, ನಾ ಇಲ್ಲೇ ತಿಂತೇನಿ" ಅಂದಳು. ಅತ್ತೆ ಬೆಳ್ಳಿಯ ಬಟ್ಟಲನ್ನು ನೆಲದ ಮೇಲಿಟ್ಟರು. ಭೂಮಿಯನ್ನು ನೋಡಿದರು, ಬಾಗಿಲಲ್ಲಿ ನಿಂತ ನನ್ನನ್ನು ನೋಡಿದರು. ಈ ಸಲವೂ ಬರೆಯುತ್ತಾನೆ ಎಂದುಕೊಂಡರೋ, ಅಥವಾ ಅದಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲವೋ, ನನಗೆ ತಿಳಿಯದು. ಕೊನೆಗೆ ಅಂಗಳದ ಕಡೆ ಮುಖ ಮಾಡಿ ಕೇಳಿದರು.

"ಯಮುನವ್ವಾ, ಮುಂಜಾನೆ ಏನ ತಿಂದಿ?"

"ಜ್ವಾಳದ ರೊಟ್ಟಿರೀ ಯವ್ವಾ, ಪುಂಡಿಪಲ್ಯೆ."

"ಬಿಸ್ಕೀಟ?"

"ಇಲ್ರಿ."

"ಹಂಗಾರ ಕೈಕಾಲ ತೊಳಕೊಂಡ ಒಳಗ ಬಾ."

ಯಮುನವ್ವ ಬಂದಳು. ಹಿತ್ತಿಲ ಬಾಗಿಲಲ್ಲೇ ಸ್ವಲ್ಪ ತಡೆದು, ಸೆರಗಿನಿಂದ ಪಾದ ಒರೆಸಿಕೊಂಡು, ಒಂದೊಂದೇ ಹೆಜ್ಜೆ ಇಟ್ಟು ಬಂದಳು. ಹುಡುಗಿಯರು ಸರಿದು ಜಾಗ ಕೊಟ್ಟರು. ಭೂಮಿ ತಟ್ಟೆ ಕೊಟ್ಟಳು. ಅವಳು ತಿನ್ನುವುದನ್ನು ಎಲ್ಲರೂ ನೋಡಬಾರದೆಂದು ಸುಜಾತಾ ಏನೋ ಬೇರೆ ಮಾತು ತೆಗೆದಳು. ಅತ್ತೆ ಎದ್ದು ಇನ್ನೊಂದು ತುಂಡು ಕತ್ತರಿಸಿ ಯಮುನವ್ವನ ತಟ್ಟೆಗೆ ತಾವೇ ಹಾಕಿದರು. ಒಂದು ದಿನದ ಕೇಕಿನಿಂದ ಎಲ್ಲ ಬದಲಾಯಿತು ಎಂದು ಬರೆಯುವಷ್ಟು ದಡ್ಡ ನಾನಲ್ಲ. ಸೋಮವಾರ ಆ ಚಹಾದ ಬಟ್ಟಲು ಎಲ್ಲಿತ್ತೋ ನಾನು ನೋಡಿಲ್ಲ. ಆದರೆ ಭಾನುವಾರ ನಾನು ನೋಡಿದ್ದನ್ನು ನೋಡಿದ್ದೇನೆ.

ನನ್ನ ತುಂಡನ್ನು ಭೂಮಿ ಹೊಸ್ತಿಲಿಗೇ ತಂದು ಕೊಟ್ಟಳು, ಕೈ ತಾಗದ ಹಾಗೆ, ಮೇಲಿನಿಂದ ಕೈಗೆ ಹಾಕಿ.

ಅತ್ತೆಯ ಮಡಿಯಲ್ಲಿ ಅವತ್ತು ಹೊರಗೆ ಉಳಿದದ್ದು ಗೋಧಿ ಒಂದೇ. ಮತ್ತು ಅದನ್ನು ತಿಂದು ಬಂದ ನಾನು.